ಹಳೇ ಫಾರಿನ್ ಬಂದೂಕಿನ ಬುಕಿಂಗ್ ಇನ್ಮೇಲೆ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ದಾವಣಗೆರೆ, ಹರಿಹರ, ಚನ್ನಗಿರಿ, ಜಗಳೂರು, ಆ ಕಡೆ ಚಿತ್ರದುರ್ಗದಿಂದಾನೂ ನಮ್ಮ ಅಂಗಡಿಗೆ ಬರೋ ಎಲ್ಲಾ ಗ್ರಾಹಕರಿಗೆ ನಮಸ್ಕಾರ.

ಸುತ್ತಿ ಬಳಸೋದು ಬ್ಯಾಡ, ನೇರ ವಿಷಯ ಹೇಳ್ತೀವಿ. ಬರೋ ತಿಂಗಳ ಒಂದನೇ ತಾರೀಖಿಂದ ಹಳೇ ಇಂಗ್ಲೆಂಡ್, ಬೆಲ್ಜಿಯಂ ಜೋಡುನಳಿಗೆ ಬಂದೂಕುಗಳ ಬುಕಿಂಗ್ ನಮ್ಮಲ್ಲಿ ಬಂದ್. ಅಡ್ವಾನ್ಸ್ ತಗಳಂಗಿಲ್ಲ, "ಯಾರ ಮನೇಲಾದ್ರೂ ಇದ್ರೆ ನೋಡ್ರಿ" ಅಂದ್ರೂ ಹುಡುಕಿ ಕೊಡಂಗಿಲ್ಲ. ಇನ್ಮೇಲೆ ಮಾರೋದು ನಮ್ಮ ದೇಶದಲ್ಲೇ ತಯಾರಾದ 12 ಬೋರ್ (ಬೋರ್ ಅಂದ್ರೆ ನಳಿಗೆ ಒಳಗಿನ ಅಗಲದ ಅಳತೆ) ಮಾತ್ರ: ಒಂಟಿ ನಳಿಗೆ, ಜೋಡುನಳಿಗೆ, ಆಮೇಲೆ ತಿರುಚ್ಚಿ ಆರ್ಡನೆನ್ಸ್ ಫ್ಯಾಕ್ಟರಿಯ ಪಂಪ್ ಆಕ್ಷನ್, ಅಂದ್ರೆ ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸೋದು. ರಿಪೇರಿ ಎಂದಿನಂಗೇ ನಡೀತೈತಿ, ಹಳೇ ಫಾರಿನ್ ಗನ್ ಇಟ್ಕಂಡೋರದ್ದೂ ಸೇರಿ.

ಯಾಕೆ ಅಂತ ಎಲ್ಲರೂ ಕೇಳ್ತೀರಿ. ಮೊದಲನೇದು ರೇಟು. 1980ರ ದಶಕದಿಂದ ಸಾಮಾನ್ಯ ಜನ ಹೊರದೇಶದ ಗನ್ ತರಿಸ್ಕಳ್ಳೋದು ನಿಂತೋಗೈತಿ, ಹೆಸರು ಮಾಡಿದ ಶೂಟರ್‌ಗಳಿಗೆ ಬಿಟ್ರೆ ಪರ್ಮಿಷನ್ ಸಿಗೋದಿಲ್ಲ, ಅದಕ್ಕೇ ದೇಶದೊಳಗೆ ಇರೋ ಹಳೇ ಮಾಲೇ ಕೈಯಿಂದ ಕೈಗೆ ತಿರುಗ್ತಾ ಇರ್ತದೆ, ಪ್ರತಿ ಸಲ ಕೈ ಬದಲಾದಾಗ್ಲೂ ರೇಟು ಒಂದು ಮೆಟ್ಲು ಮೇಲೆ. ಒಳಗಿನ ಸ್ಪ್ರಿಂಗು, ಪಿನ್ನು ಸವೆದಿದ್ರೆ ಹೊಸದು ಸಿಗಂಗಿಲ್ಲ, ನಮ್ಮ ಮೇಸ್ತ್ರಿ ಕೂತು ಅರ ಹಾಕಿ ಕೈಯಲ್ಲೇ ಮಾಡ್ಬೇಕು. ಅದರ ಖರ್ಚು ಸೇರಿಸಿ ಲೆಕ್ಕ ಹಾಕಿ ನೋಡ್ರಿ, "ಸಸ್ತಾಕ್ಕೆ ಸಿಕ್ತು" ಅನ್ನೋ ಮಾತು ಎಲ್ಲಿಗೆ ಬಂದು ನಿಲ್ತದೆ ಅಂತ.

ಎರಡನೇದು ಇದಕ್ಕಿಂತ ದೊಡ್ಡದು, ಪ್ರಾಣದ ಪ್ರಶ್ನೆ. ಹಳೇ ಇಂಗ್ಲಿಷ್ ಗನ್‌ಗಳಲ್ಲಿ ಬಹಳಷ್ಟಕ್ಕೆ ಚೇಂಬರ್ (ತೋಟಾ ಕೂರೋ ಜಾಗ) ಇರೋದು ಎರಡೂವರೆ ಇಂಚು, ಅಂದ್ರೆ 65 ಮಿಲಿಮೀಟರ್. ಅದಕ್ಕಿಂತ ಉದ್ದದ 70 ಮಿಲಿಮೀಟರ್ ತೋಟಾನೂ ಅದರೊಳಗೆ ಸಲೀಸಾಗಿ ಹೋಗ್ತದೆ, ಬಂದೂಕೂ ಮುಚ್ಕಳ್ತದೆ, ಅದೇ ಮೋಸ. ತೋಟಾ ಮೇಲೆ ಬರೆದಿರೋ ಉದ್ದ ಹೊಡೆದು ಬಾಯಿ ಬಿಚ್ಕಂಡ ಮೇಲಿನ ಉದ್ದ, ಹೊಡೆಯೋಕೆ ಮುಂಚೆ ಮಡಚಿರ್ತದೆ, ಅದಕ್ಕೇ ಒಳಗೆ ಹಿಡಿಸ್ತದೆ. ಟ್ರಿಗರ್ ಒತ್ತಿದಾಗ ಮಡಿಕೆ ಬಿಚ್ಚೋಕೆ ಜಾಗ ಸಾಲ್ದೆ ಮುಂದಿನ ಸಣ್ಣ ದಾರಿಗೆ ಸಿಕ್ಕಾಕ್ಕಂಡು ಪ್ರೆಶರ್ ಏರ್ತದೆ. ಒಂದು ಸಲ ತಡೀಬಹುದು, ಹತ್ತು ಸಲ ತಡೀಬಹುದು, ಹನ್ನೊಂದನೇದಕ್ಕೆ ಗ್ಯಾರಂಟಿ ಕೊಡೋರು ಯಾರು? ಇನ್ನು ನಳಿಗೆ ಮೇಲೆ ಹಾವಿನ ಪೊರೆ ಥರ ಸುರುಳಿ ಡಿಸೈನ್ ಇರೋ ಡಮಾಸ್ಕಸ್ ಗನ್ ಅದಾವಲ್ಲ, ನೋಡೋಕೆ ಚಂದ, ಆದ್ರೆ ಕಬ್ಬಿಣ ಉಕ್ಕಿನ ಪಟ್ಟಿ ಹೊಸೆದು ಬೆಸೆದು ಮಾಡಿದ್ದು, ಕರಿಮದ್ದಿನ ಕಾಲದ್ದು. ಅಂಥಾದ್ದಕ್ಕೆ ಈಗಿನ ತೋಟಾ ಹಾಕ್ಬ್ಯಾಡ್ರಿ, ಗೋಡೆ ಮೇಲೆ ಇರ್ಲಿ. ಅದಕ್ಕೂ ಲೈಸೆನ್ಸ್ ಎಂಟ್ರಿ ಬೇಕು ಅನ್ನೋದು ಮರೀಬ್ಯಾಡ್ರಿ.

ಈಗ ಬಾತುಕೋಳಿ ವಿಷಯ. ಇತ್ತೀಚೆಗೆ ಅಂಗಡಿಗೆ ಬರೋ ಹುಡುಗರು ಮೊಬೈಲ್‌ನಾಗೆ ಅಮೆರಿಕದ ವಿಡಿಯೋ ತೋರ್ಸಿ "ಅಣ್ಣಾ, ಬಾತು ಹೊಡೆಯೋಕೆ ಕಮ್ಮಿ ರೇಟಿನ ಶಾಟ್‌ಗನ್ ಯಾವ್ದು" ಅಂತ ಕೇಳ್ತಾರೆ. ಸೂಳೆಕೆರೆಗೋ ಕೊಂಡಜ್ಜಿ ಕೆರೆಗೋ ಹೋಗೋ ಲೆಕ್ಕ ಇದ್ರೆ ನಮ್ಮ ಉತ್ತರ ಒಂದೇ: ಅಂಥಾ ಗನ್ ಯಾವ್ದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ಬೇಟೆ ಅಂದ್ರೆ ಜೈಲು. ಗದಗ ಜಿಲ್ಲೆ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳನ್ನ ನೋಡೋಕೆ ಹೋಗ್ರಿ, ಬೈನಾಕ್ಯುಲರ್ ತಗಂಡು. ಅದೇ ಕಾಯ್ದೆ ಪ್ರಕಾರ ಶಿಕ್ಷೆ ಆದ್ರೆ ಕೋರ್ಟು ಬಂದೂಕಿನ ಲೈಸೆನ್ಸೂ ರದ್ದು ಮಾಡಿ ಐದು ವರ್ಷ ಹೊಸದು ಸಿಗದಂಗೆ ಮಾಡ್ಬಹುದು. ಜಗಳೂರು ಕಡೆ ಮೆಕ್ಕೆಜೋಳದ ರೈತರಿಗೂ ಇದೇ ಮಾತು, ಬೆಳೆ ಕಾಯೋಕೆ ಲೈಸೆನ್ಸ್ ಕೊಟ್ಟಾರೆ ಅಂದ್ರೆ ಪ್ರಾಣಿ ಹೊಡೆಯೋಕೆ ಕೊಟ್ಟಾರೆ ಅಂತಲ್ಲ, ಪಕ್ಕದಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಐತಿ, ನೆನಪಿರ್ಲಿ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಐತಲ್ಲ ಅಂತ ವಾದಕ್ಕೆ ಬರೋರಿಗೆ: ಅದು ಗನ್ ಇಟ್ಕಳ್ಳೋಕೆ, ಬೇಟೆಗೆ ಅವರಿಗೂ ವಿನಾಯಿತಿ ಇಲ್ಲ.

ಆದ್ರೆ ಈ ಪ್ರಶ್ನೇನ ನ್ಯಾಯವಾಗೇ ಕೇಳೋರೂ ಅದಾರೆ. ನಮ್ಮ ಹಳೇ ಗ್ರಾಹಕರ ಮಕ್ಕಳು, ಅಳಿಯಂದ್ರು ಅಮೆರಿಕದಲ್ಲಿ ಕೆಲಸಕ್ಕದಾರೆ, ಅಲ್ಲಿ ಸೀಸನ್‌ನಾಗೆ ಲೈಸೆನ್ಸ್ ತಗಂಡು ಬಾತು, ಹೆಬ್ಬಾತು ಹೊಡೆಯೋದು ಕಾನೂನೇ, ರಾತ್ರಿ ಹತ್ತಕ್ಕೆ ಫೋನ್ ಮಾಡಿ ಯಾವ್ದು ತಗಳ್ಳಿ ಅಂತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗೈತಿ, ಅದಕ್ಕೇ ಇಲ್ಲೇ ಬರೀತೀವಿ, ಈ ಪತ್ರಾನೇ ಕಳಿಸ್ರಿ ಅವರಿಗೆ.

ಅಲ್ಲೂ ನಮ್ಮ ಮಾತು ಬದಲಾಗಲ್ಲ: ಮೊದ್ಲು ತೋಟಾ ನೋಡು, ಆಮೇಲೆ ಗನ್ ನೋಡು. ಅಲ್ಲಿ 1991ರಿಂದ ದೇಶಪೂರ್ತಿ ನೀರುಹಕ್ಕಿಗೆ ಸೀಸದ ಚರೆ (ತೋಟಾದೊಳಗಿನ ಸಣ್ಣ ಗುಂಡು) ನಿಷೇಧ, ಕೆರೆ ತಳಕ್ಕೆ ಬಿದ್ದ ಸೀಸ ತಿಂದು ಹಕ್ಕಿ ಸಾಯ್ತಿದ್ವು ಅಂತ. ಹಂಗಾಗಿ ಉಕ್ಕಿನ ಚರೆ. ಉಕ್ಕು ಸೀಸಕ್ಕಿಂತ ಹಗುರ, ಬೇಗ ವೇಗ ಕಳ್ಕಳ್ತದೆ, ಅದಕ್ಕೆ ಎರಡು ಸೈಜ್ ದಪ್ಪ ಚರೆ ಹಾಕ್ತಾರೆ, ನಂಬರ್ ಕಮ್ಮಿ ಆದಷ್ಟೂ ಚರೆ ದಪ್ಪ, ಸೀಸದಲ್ಲಿ 4ನೇ ನಂಬರ್ ಹೊಡೀತಿದ್ದೋರು ಉಕ್ಕಲ್ಲಿ 2, ಹೆಬ್ಬಾತಿಗೆ ಅದಕ್ಕೂ ದಪ್ಪದ ಬಿಬಿ. ದಪ್ಪ ಚರೆ ಹಿಡಿಸೋಕೆ ಉದ್ದ ತೋಟಾ ಬೇಕು, ಮೂರು ಇಂಚಿನ ಚೇಂಬರ್ ಸಾಕು. ಮೂರೂವರೆ ಇಂಚಿಂದೇ ಬೇಕು ಅಂತ ಹಠ ಹಿಡೀಬ್ಯಾಡ್ರಿ, ತೋಟಾನೂ ದುಬಾರಿ, ಭುಜಾನೂ ಹೋಗ್ತದೆ, ಒದೆತಕ್ಕೆ ಹೆದ್ರಿ ಕಣ್ಣು ಮುಚ್ಚಿ ಹೊಡೆಯೋನಿಗೆ ಯಾವ ಹಕ್ಕೀನೂ ಬೀಳಲ್ಲ.

ಬಜೆಟ್ ಕಮ್ಮಿ ಅಂದ್ರೆ ಪಂಪ್ ಆಕ್ಷನ್ನೇ, 12 ಬೋರು, 28 ಇಂಚಿನ ನಳಿಗೆ. ಕೆಸರು, ನೀರು, ಚಳಿ ಯಾವ್ದಕ್ಕೂ ಜಗ್ಗಲ್ಲ. ಮಾಸ್‌ಬರ್ಗ್ 500 ಅಂತ 1961ರಿಂದ ಬರ್ತಿರೋದು ಒಂದು, ಅದೇ ಕಂಪನಿಯ ಮ್ಯಾವರಿಕ್ 88 ಇನ್ನೂ ಅಗ್ಗ, ಅಂದಾಜು 250 ಡಾಲರ್ ಆಸುಪಾಸು. ವ್ಯತ್ಯಾಸ ಏನಪಾ ಅಂದ್ರೆ 500ರ ಸೇಫ್ಟಿ ಮೇಲ್ಗಡೆ ಹೆಬ್ಬೆರಳಿಗೆ ಸಿಗ್ತದೆ, 88ರದ್ದು ಟ್ರಿಗರ್ ಪಕ್ಕ ಅಡ್ಡ ಒತ್ತೋ ಗುಂಡಿ, ಎಡಗೈಯೋರು 500 ತಗಳ್ಳೋದು ಮೇಲು. ರೆಮಿಂಗ್ಟನ್ 870 ಸೆಕೆಂಡ್ ಹ್ಯಾಂಡ್ ಒಳ್ಳೇದು ಸಿಕ್ರೆ ಅದೂ ಬಿಡ್ಬ್ಯಾಡ್ರಿ, 1950ರಿಂದ ಬಂದಿರೋದು, ಪಾರ್ಟ್ಸ್ ಬೀದಿಬೀದೀಲಿ. ಅಲ್ಲಿನ ಕಾನೂನು ಪ್ರಕಾರ ಬಾತಿಗೆ ಹೋದಾಗ ಗನ್ ಒಳಗೆ ಒಟ್ಟು ಮೂರೇ ತೋಟಾ ಹಿಡೀಬೇಕು, ಮ್ಯಾಗಜಿನ್‌ನಾಗೆ ಹೆಚ್ಚು ತೋಟಾ ಹೋಗದಂಗೆ ತಡೆಯೋ ಪ್ಲಗ್ ಐತಾ ನೋಡ್ಕಳ್ರಿ. ಚೋಕ್ ಅಂದ್ರೆ ಚರೆ ಹರಡದಂಗೆ ನಳಿಗೆ ಬಾಯಿ ಕಿರಿದು ಮಾಡೋದು, ಅದು ಮಾಡಿಫೈಡ್ (ಮಧ್ಯಮ ಬಿಗಿ) ಹಾಕ್ರಿ, ಉಕ್ಕಿನ ಚರೆ ಅದ್ರಲ್ಲಿ ಸೀಸದ ಫುಲ್ (ಪೂರ್ತಿ ಬಿಗಿ) ಚೋಕ್ ಥರಾನೇ ಒಟ್ಟಾಗಿ ಹೋಗ್ತದೆ. ತಾತನ ಕಾಲದ ಫುಲ್ ಚೋಕ್ ಗನ್‌ಗೆ ಉಕ್ಕು ಹಾಕ್ಬ್ಯಾಡ್ರಿ, ನಳಿಗೆ ಬಾಯಿ ಉಬ್ಬೋದು ಗ್ಯಾರಂಟಿ ಅಂತ ಇಟ್ಕಳ್ರಿ. ಅಂಥಾದಕ್ಕೆ ಬಿಸ್ಮತ್ ಚರೆ ಸಿಗ್ತದೆ, ಆದ್ರೆ ಅದರ ರೇಟಲ್ಲಿ ಹೊಸ ಗನ್ನೇ ಬರ್ತದೆ ಅಂತ ಹುಡುಗರು ಗೊಣಗ್ತಾರೆ.

ದುಡ್ಡು ಮಿಕ್ಕಿದ್ರೆ ಮೇಲಿನ ಮಾಡೆಲ್‌ಗೆ ಹಾಕೋ ಬದ್ಲು ತೋಟಾಕ್ಕೆ ಹಾಕ್ರಿ. 40 ಗಜದ ದೂರಕ್ಕೆ ದೊಡ್ಡ ಕಾಗದ ಕಟ್ಟಿ ಹೊಡೆದು, ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚಿನ ವೃತ್ತ ಎಳೆದು ಎಣಿಸ್ರಿ, ಮಾಡಿಫೈಡ್ ಚೋಕಲ್ಲಿ ನೂರಕ್ಕೆ ಕಮ್ಮಿ ಅಂದ್ರೂ ಅರವತ್ತು ಚರೆ ಒಳಗೆ ಬೀಳ್ಬೇಕು. ಆಮೇಲೆ ಬಟ್ ನಿಮ್ಮ ಭುಜಕ್ಕೆ ಸರಿಹೊಂದ್ತದಾ, ಕಣ್ಣು ಮುಚ್ಚಿ ಏರಿಸಿ ಕಣ್ಣು ತೆರೆದಾಗ ಮುಂದಿನ ಮಣಿ ನೇರ ಕಾಣ್ತದಾ ಅಂತ ನೋಡ್ರಿ, ಖಾಲಿ ಗನ್ನಲ್ಲೇ. ಬೇರೆ ದೇಶ ಇರ್ಲಿ ದಾವಣಗೆರೆ ಇರ್ಲಿ, ಇದು ಎರಡೂ ಕಡೆ ನಡೀತದೆ. ನಮ್ಮ ಅಂಗಡೀಲಿ ಕೂಡ ಬಟ್ ಉದ್ದ ಅಳೆದು ಕಡಿಮೆ ಜಾಸ್ತಿ ಮಾಡೋ ಕೆಲಸಾನ ಇನ್ಮೇಲೆ ಹೊಸ ಗನ್ ಜೊತೆಗೇ ಫ್ರೀಯಾಗಿ ಮಾಡಿ ಕೊಡ್ತೀವಿ. ಟ್ರ್ಯಾಪ್, ಸ್ಕೀಟ್ (ಹಾರೋ ಮಣ್ಣಿನ ಬಿಲ್ಲೆ ಹೊಡೆಯೋ ಆಟ) ಶೂಟಿಂಗ್ ಆಡೋ ಹುಡುಗರು ಇದ್ರೆ ಮೊದ್ಲು ಇದಕ್ಕೇ ಬರ್ರಿ.

ಹಳೇ ಗನ್‌ಗೆ ಅಡ್ವಾನ್ಸ್ ಕೊಟ್ಟೋರು ರಸೀದಿ ತಗಂಡು ಬಂದ್ರೆ ಪೂರ್ತಿ ದುಡ್ಡು ವಾಪಸ್, ಇಲ್ಲಾಂದ್ರೆ ಅದೇ ದುಡ್ಡು ದೇಶಿ ಜೋಡುನಳಿಗೆಗೆ ಜಮಾ. ಡಿಸಿ ಆಫೀಸಲ್ಲಿ ಲೈಸೆನ್ಸ್ ಅರ್ಜಿ ಇನ್ನೂ ನಡೀತಿದ್ರೆ ಅವಸರ ಬ್ಯಾಡ, ಲೈಸೆನ್ಸ್ ಕೈಗೆ ಬಂದ ಮೇಲೇ ಬುಕ್ ಮಾಡ್ರಿ. ಇರೋ ಹಳೇ ಗನ್ ಚೇಂಬರ್ ಅಳೆಸೋಕೆ ಬರೋರು ಒರಿಜಿನಲ್ ಲೈಸೆನ್ಸ್ ಜೊತೆ ಬರ್ರಿ, ಗನ್ ಖಾಲಿ ಮಾಡಿ, ಬಿಚ್ಚಿ, ಕವರ್‌ನಾಗೆ ಹಾಕಿ ತರ್ರಿ. ಅಳೆಯೋದಕ್ಕೆ ದುಡ್ಡು ತಗಳಂಗಿಲ್ಲ. ಭಾನುವಾರ ಅಂಗಡಿ ರಜ.

ಇಂತಿ,
ನಿಮ್ಮ ಬಂದೂಕು ಅಂಗಡಿಯವರು, ದಾವಣಗೆರೆ