ಕಂಠೀರವಕ್ಕೆ ಹೋಗುವ ದಾರಿಯನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯವಿರುವ ದಿನ ಕ್ರೀಡಾಪುಟದಲ್ಲಿ ತಂಡಗಳ ಹೆಸರು, ವೇಳೆ ಮತ್ತು ನೇರಪ್ರಸಾರದ ವಿವರ ಪ್ರಕಟವಾಗುತ್ತದೆ. ಅದರ ಜೊತೆಗೆ, ಬಸ್ಸು ಹಾಗೂ ಮೆಟ್ರೊದಲ್ಲಿ ಅಲ್ಲಿಗೆ ತಲುಪುವ ಬಗೆಯನ್ನೂ ಎರಡು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ. 2023ರ ಜುಲೈ 4ರಂದು ಇದೇ ಅಂಗಳದಲ್ಲಿ ಭಾರತ ತಂಡವು ಕುವೈತ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ) ಪ್ರಶಸ್ತಿ ಗೆದ್ದುದನ್ನು ನನ್ನ ವಿದ್ಯಾರ್ಥಿಗಳು ಮೊಬೈಲ್‌ನಲ್ಲಿ ನೋಡಿದರು. ದಾವಣಗೆರೆಯಿಂದ ಬಾಡಿಗೆ ಕಾರಿಲ್ಲದೆ ಹೋಗಿಬರಲಾಗದು ಎಂಬ ಭಾವನೆ ಪೋಷಕರಲ್ಲಿ ಬೇರೂರಿರುವುದೇ ಇದಕ್ಕೆ ಕಾರಣ.

ವಾಸ್ತವದಲ್ಲಿ ದಾರಿ ಸುಲಭವಾಗಿದೆ. ದಾವಣಗೆರೆಯಿಂದ ಹೊರಟು ಚಿತ್ರದುರ್ಗ, ತುಮಕೂರು ಮಾರ್ಗವಾಗಿ ಸಾಗುವ ಸಾರಿಗೆ ಸಂಸ್ಥೆಯ ಬಸ್ಸಿನಿಂದ ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದರೆ, ಗೊರಗುಂಟೆಪಾಳ್ಯದ ವಾಹನದಟ್ಟಣೆಯಲ್ಲಿ ಸಿಲುಕದೆ ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಮೂರನೆಯದೇ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ಕಸ್ತೂರಬಾ ರಸ್ತೆಯ ಕಡೆಗೆ ನಡೆದೇ ಹೋಗಬಹುದು. ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣದರವೂ ಇಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲುಮಾರ್ಗ ಪೂರ್ಣಗೊಳ್ಳುವವರೆಗೆ ಚಿತ್ರದುರ್ಗದವರಿಗಂತೂ ಬಸ್ಸೇ ಆಧಾರ.

ಆಟ ಕಲಿಯುವ ಮಕ್ಕಳು ಕ್ರೀಡಾಂಗಣಕ್ಕೆ ಹೋಗಲೇಬೇಕೆಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಎದುರಾಳಿಯ ಗೋಲಿನ ಬಳಿ ಇರುವಾಗ ನಮ್ಮ ರಕ್ಷಣಾ ಆಟಗಾರರು ಹೇಗೆ ಒಂದೇ ಸಾಲಿನಲ್ಲಿ ಮುಂದೆ ಸರಿಯುತ್ತಾರೆ, ಗೋಲ್‌ಕೀಪರ್ ಎಲ್ಲಿ ನಿಂತು ಅವರನ್ನು ಕೂಗಿ ಎಚ್ಚರಿಸುತ್ತಾನೆ ಎಂಬುದು ಮೈದಾನದಲ್ಲಿ ಕುಳಿತವರಿಗಷ್ಟೇ ಪೂರ್ತಿಯಾಗಿ ಕಾಣುತ್ತದೆ. ಕಂಠೀರವದಲ್ಲಿ ಅಂಗಳದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲುಗಳಿಗಿಂತ ಮೇಲಿನ ಸಾಲುಗಳಲ್ಲಿ ಕೂರುವುದೇ ಲೇಸು.

ತೊಂದರೆ ಇರುವುದು ಮರಳುವಾಗ. ರಾತ್ರಿ 7.30ಕ್ಕೆ ಶುರುವಾದ ಪಂದ್ಯ ಸುಮಾರು 9.30ಕ್ಕೆ ಮುಗಿದರೆ ಮೆಜೆಸ್ಟಿಕ್ ತಲುಪಿ ರಾತ್ರಿ ಬಸ್ಸು ಹತ್ತಲು ಅಡ್ಡಿಯಿಲ್ಲ. ಆದರೆ ನಾಕೌಟ್ ಪಂದ್ಯವು 30 ನಿಮಿಷಗಳ ಹೆಚ್ಚುವರಿ ಅವಧಿಯನ್ನೂ ದಾಟಿ ಪೆನಾಲ್ಟಿಗೆ ಹೋದರೆ, ದೂರದ ಊರಿನವರು ಕೊನೆಯ ಮೆಟ್ರೊ ತಪ್ಪುವ ಆತಂಕದಲ್ಲಿ ನಡುವೆಯೇ ಎದ್ದು ಬರಬೇಕಾಗುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಪಂದ್ಯಗಳಿಗಾಗಿ ಮೆಟ್ರೊ ನಿಗಮವು ಸಂಚಾರದ ಅವಧಿಯನ್ನು ವಿಸ್ತರಿಸಿದೆ. ಕಂಠೀರವದ ಪ್ರೇಕ್ಷಕರು ಬಳಸುವುದೂ ಅದೇ ಕಬ್ಬನ್ ಪಾರ್ಕ್ ನಿಲ್ದಾಣವನ್ನೇ ಆದ್ದರಿಂದ, ಫುಟ್‌ಬಾಲ್‌ನ ನಾಕೌಟ್ ಪಂದ್ಯಗಳಿಗೂ ಈ ಸೌಲಭ್ಯ ದೊರೆಯಬೇಕು. ಬೆಳಕು ಹರಿಯುವ ಮುನ್ನ ದಾವಣಗೆರೆ ನಿಲ್ದಾಣದಲ್ಲಿ ಇಳಿಯುವ ಮಕ್ಕಳು ಮನೆ ಸೇರಲು ಅಷ್ಟು ಹೊತ್ತಿಗೇ ನಗರ ಸಾರಿಗೆ ಬಸ್ಸೊಂದು ಹೊರಡುವಂತಾಗಬೇಕು. ಇವೆರಡರ ಬಗ್ಗೆಯೂ ತಮ್ಮ ಪತ್ರಿಕೆ ಸಂಬಂಧಪಟ್ಟವರ ಗಮನ ಸೆಳೆಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ದೈಹಿಕ ಶಿಕ್ಷಣ ಶಿಕ್ಷಕ, ದಾವಣಗೆರೆ