ಹನಿ ಆರುತ್ತಿತ್ತು, ನಾನು ಸರ್ಕ್ಯೂಟ್ ಬಿಚ್ಚುತ್ತಿದ್ದೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿದೆ. ಬಯೋಸೆನ್ಸರ್ ಮಾಡುವ ವಿದ್ಯಾರ್ಥಿ ತಂಡದವರು ನಿನ್ನನ್ನು ಕರೆದಿದ್ದಾರೆ. ಆದರೆ ಶಾಲೆ ಬಿಟ್ಟ ಮೇಲೆ ಜೀವಶಾಸ್ತ್ರದ ಪುಸ್ತಕವನ್ನೇ ತೆರೆಯದ, ಕೋಡ್ ಬರೆಯುವವನಿಗೆ ಅಲ್ಲೇನು ಕೆಲಸ ಎಂದು ಕೇಳಿದ್ದೀಯ. ಎರಡು ವರ್ಷಗಳ ಹಿಂದೆ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ನಾನೂ ಇದೇ ಅಳುಕಿನಿಂದ ನಮ್ಮ ತಂಡದ ಬಾಗಿಲಲ್ಲಿ ನಿಂತಿದ್ದೆ. ಹಾಗಾಗಿ ಉತ್ತರ ತುಸು ಉದ್ದವಾದೀತು.

ಬಯೋಸೆನ್ಸರ್ ಎಂದರೆ ಬೇಕಾದ ಅಣುವನ್ನು ಗುರುತು ಹಿಡಿಯುವ ಒಂದು ಜೈವಿಕ ವಸ್ತು ಮತ್ತು ಆ ಗುರುತನ್ನು ಅಳೆಯಬಲ್ಲ ಸಂಕೇತವಾಗಿಸುವ ಒಂದು ಸಾಧನ, ಎರಡೂ ಒಂದಕ್ಕೊಂದು ಅಂಟಿಕೊಂಡಿರುವ ಜೋಡಿ. ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿನ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಹಿಡಿದಿಟ್ಟರೆ ರಕ್ತದ ಸಕ್ಕರೆ ತಿಳಿಯಬಹುದೆಂದು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ 1962ರಲ್ಲಿ ತೋರಿಸಿಕೊಟ್ಟರು. ಸಕ್ಕರೆ ಹೆಚ್ಚಿದ್ದಷ್ಟೂ ಕಿಣ್ವ ಆಮ್ಲಜನಕವನ್ನು ಹೆಚ್ಚು ಬಳಸುತ್ತದೆ. ಅದೇ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ನಮ್ಮ ತಂಡ ಹಿಡಿದದ್ದು ಈ ಎರಡನೆಯ ತುದಿಯನ್ನು. ಪ್ಲಾಟಿನಂ ಎಲೆಕ್ಟ್ರೋಡಿನ ಮೇಲೆ ಪೆರಾಕ್ಸೈಡ್ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವಾಗ ಹರಿಯುವ ಸಣ್ಣ ಕರೆಂಟನ್ನು ಅಳೆಯುವುದು ನನ್ನ ಪಾಲಿನ ಕೆಲಸ.

ಆ ಕರೆಂಟ್ ಒಂದು ಅಂಕಿಯಲ್ಲಿ ನಿಲ್ಲುತ್ತಿರಲಿಲ್ಲ ನೋಡು. ಸೆನ್ಸರಿನ ಮೇಲೆ ಸಕ್ಕರೆ ದ್ರಾವಣದ ಐದು ಮೈಕ್ರೋಲೀಟರಿನ ಹನಿ ಇಟ್ಟು ನಿಮಿಷಕ್ಕೊಮ್ಮೆ ಅಳೆದರೆ ಅಂಕಿ ಏರುತ್ತಲೇ ಹೋಗುತ್ತಿತ್ತು. ತಪ್ಪು ನನ್ನ ಆಂಪ್ಲಿಫೈಯರಿನದೇ ಎಂದುಕೊಂಡು ಬೋರ್ಡನ್ನು ಪೂರ್ತಿ ಬಿಚ್ಚಿ ಕಟ್ಟಿದೆ. ಸೆನ್ಸರ್ ತೆಗೆದು ಆ ಜಾಗದಲ್ಲಿ ಒಂದು ರೆಸಿಸ್ಟರ್ ಇಟ್ಟಾಗ ಗೆರೆ ಅಲುಗಾಡದೆ ನೇರವಾಗಿ ಓಡಿತು. ಸರ್ಕ್ಯೂಟ್ ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಕಿಣ್ವದ್ದು ಎಂದು ಜೀವರಸಾಯನಶಾಸ್ತ್ರದ ಗೆಳತಿ ಹೊಸ ದ್ರಾವಣ ಮಾಡಿದಳು. ಅದೂ ಏರಿತು. ಮೂರು ವಾರ ಹೀಗೇ ಕಳೆಯಿತು. ಒಂದು ಸಂಜೆ, ಪೆಟ್ಟಿಗೆಯ ವಿನ್ಯಾಸಕ್ಕೆಂದು ಅಳತೆ ತೆಗೆಯಲು ಬಂದಿದ್ದ ಮೆಕ್ಯಾನಿಕಲ್ ವಿಭಾಗದ ಹುಡುಗ ಮೇಜಿನ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ನೋಡಿದ. ಗುಮ್ಮಟದಂತಿದ್ದ ಹನಿ ಹತ್ತು ನಿಮಿಷಗಳಲ್ಲಿ ತಗ್ಗಿ ಚಪ್ಪಟೆಯಾಗಿತ್ತು. ನೀರು ಆರಿದಂತೆ ಉಳಿದದ್ದರಲ್ಲಿ ಸಕ್ಕರೆಯ ಸಾಂದ್ರತೆ ಹೆಚ್ಚುತ್ತಿತ್ತು. ನಾನೂ ಆ ಗೆಳತಿಯೂ ಹನಿಯನ್ನು ಅಷ್ಟು ದಿನ ಮೇಲಿನಿಂದಲೇ ನೋಡಿದ್ದೆವು. ಒಂದು ಪುಟ್ಟ ಮುಚ್ಚಳ, ಅದರ ಒಳಗೆ ಒದ್ದೆ ಫಿಲ್ಟರ್ ಕಾಗದದ ಚೂರು, ಏರುವುದು ನಿಂತಿತು.

ಇನ್ನೊಂದು ಸಂಗತಿ ಕೇಳು. ನಮ್ಮ ಸೆನ್ಸರಿನ ವೋಲ್ಟೇಜಿನಲ್ಲಿ ಪೆರಾಕ್ಸೈಡ್ ಅಷ್ಟೇ ಅಲ್ಲದೆ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಮ್ಲ ಕೂಡ ಕರೆಂಟ್ ಕೊಡುತ್ತವೆ. ಅವೆರಡಕ್ಕೂ ಋಣ ಆವೇಶವಿದೆ. ಆದ್ದರಿಂದ ಋಣ ಆವೇಶವೇ ಇರುವ ನಾಫಿಯಾನ್ ಎಂಬ ಪಾಲಿಮರಿನ ಪದರ ಬಳಿದು ಅವನ್ನು ದೂರವಿಟ್ಟು, ಗೆದ್ದೆವೆಂದು ಹಿಗ್ಗಿದ್ದೆವು. ಆಗ ಔಷಧಶಾಸ್ತ್ರದ ವಿದ್ಯಾರ್ಥಿ ಕೇಳಿದ: 'ರೋಗಿ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದ್ದರೆ?' ಅದಕ್ಕೆ ಆವೇಶವೇ ಇಲ್ಲ. ಪದರ ಅದನ್ನು ತಡೆಯುವುದಿಲ್ಲ. ಒಂದು ಮಾತ್ರೆಯಿಂದ ಇಲ್ಲದ ಸಕ್ಕರೆ ಪರದೆಯ ಮೇಲೆ ಮೂಡಬಹುದು. ಆ ಪ್ರಶ್ನೆ ನನಗಂತೂ ಎಂದಿಗೂ ಹೊಳೆಯುತ್ತಿರಲಿಲ್ಲ.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಕರೆಂಟನ್ನು ಸಕ್ಕರೆಯ ಅಂಕಿಯಾಗಿಸುವುದು ಕ್ಯಾಲಿಬ್ರೇಷನ್ ರೇಖೆ, ಅದು ನಿನ್ನ ಕೈಯಲ್ಲಿರುತ್ತದೆ. ಸರಾಸರಿ ದೋಷ ಕಡಿಮೆ ಮಾಡಿದರೆ ಸಾಕೆಂದು ನಿನಗೆ ಅನ್ನಿಸೀತು. ಸಕ್ಕರೆ ಅಳತೆಯ ತಪ್ಪುಗಳನ್ನು ಅವು ತರುವ ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ನಕ್ಷೆ, 1987ರಲ್ಲಿ ಪ್ರಕಟವಾದ ಕ್ಲಾರ್ಕ್ ಎರರ್ ಗ್ರಿಡ್ ಅನ್ನು ಒಮ್ಮೆ ಬಿಡಿಸಿ ನೋಡು (ಈ ಕ್ಲಾರ್ಕ್ ಬೇರೆ). ಡೆಸಿಲೀಟರಿಗೆ 200 ಮಿಲಿಗ್ರಾಂ ಇದ್ದದ್ದನ್ನು 230 ಎಂದು ತೋರಿಸಿದರೆ ಚಿಕಿತ್ಸೆ ಬದಲಾಗುವುದಿಲ್ಲ. 60 ಇದ್ದದ್ದನ್ನು 90 ಎಂದು ತೋರಿಸಿದರೆ, ಸಕ್ಕರೆ ಅಪಾಯಕರವಾಗಿ ಕುಸಿದಿರುವ ವ್ಯಕ್ತಿಗೆ ಎಲ್ಲವೂ ಸರಿಯಿದೆ ಎಂದು ಹೇಳಿದಂತೆ. ಎರಡರಲ್ಲೂ ತಪ್ಪು 30 ಮಾತ್ರ. ಯಾವ ತಪ್ಪಿಗೆ ಎಷ್ಟು ಬೆಲೆ ಎಂದು ನಿನ್ನ ಕೋಡಿಗೆ ತಿಳಿಸಲು ವೈದ್ಯಕೀಯ ಓದುವವರ ಪಕ್ಕದಲ್ಲಿ ಕುಳಿತೇ ಬರೆಯಬೇಕು.

ಸೇರುವ ಮುಂಚೆ ಒಂದನ್ನು ವಿಚಾರಿಸಿಕೋ: ಎಲ್ಲರೂ ಒಂದೇ ಮೇಜಿನ ಸುತ್ತ ಕೆಲಸ ಮಾಡುತ್ತಾರೆಯೇ? ಒಂದೊಂದು ವಿಭಾಗ ಒಂದೊಂದು ಕೋಣೆಯಲ್ಲಿದ್ದು ಕೊನೆಯ ವಾರ ಜೋಡಿಸುವ ತಂಡವಾದರೆ ನಿನಗೆ ಬೇಡ. ಒಂದೇ ಮೇಜಾದರೆ ಯೋಚಿಸಬೇಡ, ಒಪ್ಪಿಕೋ. ಕಿಣ್ವ ಎಂದರೇನು ಎಂದು ಮೊದಲ ದಿನವೇ ಕೇಳಿಬಿಡು; ನಾನು ಎರಡು ತಿಂಗಳು ಕೇಳದೆ ಕುಳಿತಿದ್ದೆ, ಆ ಎರಡು ತಿಂಗಳು ಈಗಲೂ ನೋಯಿಸುತ್ತವೆ.

ಮೊದಲ ಕ್ಯಾಲಿಬ್ರೇಷನ್ ರೇಖೆ ಬಂದ ದಿನ ನನಗೆ ಕಳುಹಿಸು. ಅಕ್ಷದ ಪಕ್ಕದಲ್ಲಿ ಅಳತೆಯ ಮಾನ ಬರೆದಿರಲಿ. ನಮ್ಮಲ್ಲಿ ಒಬ್ಬರು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ, ಇನ್ನೊಬ್ಬರು ಲೀಟರಿಗೆ ಮಿಲಿಮೋಲ್‌ನಲ್ಲಿ ಬರೆದು, ಹದಿನೆಂಟು ಪಟ್ಟು ವ್ಯತ್ಯಾಸವನ್ನು ಒಂದು ವಾರ ಹುಡುಕಿದ್ದೇವೆ.

ನಿನ್ನ ಗೆಳೆಯ