ಅಮ್ಮಾ, ಅಪ್ಪಯ್ಯನಿಗೆ ಹಾಲು ನಿಲ್ಲಿಸಬೇಡ

ಅಮ್ಮಾ, ನಮಸ್ಕಾರ.

ಅಪ್ಪಯ್ಯನಿಗೆ ಹಾಲು, ರಾಗಿ ಅಂಬಲಿ ಎರಡನ್ನೂ ನಿಲ್ಲಿಸಿದ್ದೀಯ ಅಂತ ತಂಗಿ ಹೇಳಿದಳು. ಕ್ಯಾಲ್ಸಿಯಂ ಜಾಸ್ತಿಯಾದರೆ ಹಾರ್ಟಿಗೆ ತೊಂದರೆ ಅಂತ ತೀರ್ಥಹಳ್ಳಿ ಸಂತೆಯಲ್ಲಿ ಯಾರೋ ಅಂದರಂತೆ. ಡಾಕ್ಟರು ಬೇಡ ಅಂದಿಲ್ಲ ಅಲ್ವಾ? ಹಾಗಾದರೆ ಮೊದಲು ಒಂದು ಲೋಟ ಹಾಲು ಕೊಟ್ಟು ಬಾ, ಆಮೇಲೆ ಇದನ್ನು ಓದು. ಇಲ್ಲಿ ಲಂಡನ್ನಿನಲ್ಲಿ ನಾನು ದಿನಾ ಮಾಡುತ್ತಿರುವ ಕೆಲಸವೇ ಹೃದಯದ ಕ್ಯಾಲ್ಸಿಯಂ ಮೇಲೆ.

ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಅನ್ನುವುದನ್ನು ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾಯುತ್ತವೆ. ಅಂಬಲಿ ಕುಡಿದರೆ ಅದು ಏರಿಬಿಡುವುದಿಲ್ಲ. ಕ್ಯಾಲ್ಸಿಯಂ ಇಲ್ಲದಿದ್ದರೆ ಹೃದಯ ಬಡಿಯುವುದೇ ಇಲ್ಲ ಅಮ್ಮಾ. ಇದೇ ಊರಿನಲ್ಲಿ ಸಿಡ್ನಿ ರಿಂಗರ್ ಅನ್ನುವ ಡಾಕ್ಟರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ನೋಡುತ್ತಿದ್ದರು. ನಲ್ಲಿ ನೀರಿನಲ್ಲಿ ಉಪ್ಪು ಕರಗಿಸಿದಾಗ ಬಡಿಯುತ್ತಿದ್ದ ಹೃದಯ, ಬಟ್ಟಿ ಇಳಿಸಿದ ಶುದ್ಧ ನೀರು ಬಳಸಿದಾಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದಕ್ಕೆ ಬೇಕಿತ್ತು. ಅವರು ಇದನ್ನು ಬರೆದದ್ದು 1883ರಲ್ಲಿ.

ಹೃದಯ ಹಿಂಡಿಕೊಳ್ಳುವುದಷ್ಟೇ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಡಿಲ ಆಗುವುದೂ ಕೆಲಸವೇ. ಪ್ರತಿ ಬಡಿತಕ್ಕೂ ಜೀವಕೋಶದ ಒಳಗಿನ ಪೊರೆಯ ಚೀಲದಿಂದ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ತಕ್ಷಣ ಅದರ ಹೆಚ್ಚಿನ ಪಾಲನ್ನು ಪೊರೆಯಲ್ಲಿರುವ ಒಂದು ಪಂಪು ಮತ್ತೆ ಚೀಲಕ್ಕೆ ಎಳೆದುಕೊಂಡರೆ ಮಾತ್ರ ಹೃದಯ ಸಡಿಲವಾಗಿ ರಕ್ತ ತುಂಬಿಕೊಳ್ಳುತ್ತದೆ. ಎರಡು ಕ್ಯಾಲ್ಸಿಯಂ ಕಣ ಎಳೆಯಲು ಒಂದು ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಒಂದು ಅಣು, ಖರ್ಚು.

ಆ ಪಂಪಿನ ಪಕ್ಕದಲ್ಲೇ ಫಾಸ್ಫೋಲ್ಯಾಂಬನ್ ಅನ್ನುವ ಪ್ರೋಟೀನ್ ಇದೆ. ಬರೀ 52 ಅಮೈನೋ ಆಮ್ಲಗಳ ಪುಟಾಣಿ ಸರಪಳಿ. ಅದು ಪಂಪನ್ನು ನಿಧಾನ ಮಾಡುತ್ತದೆ. ಅದರ ಮೇಲೆ ಫಾಸ್ಫೇಟ್ ಅನ್ನುವ ಒಂದು ರಾಸಾಯನಿಕ ತುಣುಕು ಅಂಟಿದರೆ ಹಿಡಿತ ಸಡಿಲವಾಗಿ ಪಂಪು ಜೋರಾಗುತ್ತದೆ. ಅಪ್ಪಯ್ಯ ತೋಟದಿಂದ ಅಡಿಕೆ ಕೊನೆ ಹೊತ್ತು ದರೆ ಹತ್ತಿ ಮನೆಗೆ ಬರುವಾಗ ಅಡ್ರಿನಲಿನ್ ಏರುತ್ತದಲ್ಲ, ಆಗ ಒಂದು ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ, ಆ ಸರಪಳಿಯ 16ನೇ ಜಾಗದಲ್ಲಿ ಅದನ್ನು ಅಂಟಿಸುತ್ತದೆ. ಪಕ್ಕದ 17ನೇ ಜಾಗಕ್ಕೆ ಬೇರೆ ಕೈನೇಸ್. ಅದನ್ನು ಎಬ್ಬಿಸುವುದು ಕ್ಯಾಲ್ಸಿಯಂ, ಕ್ಯಾಲ್ಮಾಡ್ಯುಲಿನ್ ಅನ್ನುವ ಪ್ರೋಟೀನನ್ನು ಹಿಡಿದುಕೊಂಡು. ಅಂದರೆ ಕ್ಯಾಲ್ಸಿಯಂ ತನ್ನನ್ನು ವಾಪಸ್ ಕಳಿಸುವ ಏರ್ಪಾಟನ್ನು ತಾನೇ ಮಾಡುತ್ತದೆ! ಇದು ನನಗೆ ಇವತ್ತಿಗೂ ಬೆರಗು.

ನಾನು ನೋಡುವುದು ಈ 17ನೇ ಜಾಗವನ್ನು. ಇಲಿಯ ಹೃದಯದ ಚೂರನ್ನು ಐಸಿನ ಮೇಲಿಟ್ಟು ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಪೊರೆಯ ಚೂರುಗಳು ತಳಕ್ಕೆ ಕೂರುತ್ತವೆ. ಅವಕ್ಕೆ ಎಟಿಪಿ, ಕ್ಯಾಲ್ಮಾಡ್ಯುಲಿನ್, ಕ್ಯಾಲ್ಸಿಯಂ ಹಾಕಿ, ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ, ಆ ಫಾಸ್ಫೇಟನ್ನು ಮಾತ್ರ ಗುರುತಿಸುವ ಆಂಟಿಬಾಡಿ ಹಾಕಿದರೆ ಒಂದು ಕಪ್ಪು ಗೆರೆ ಮೂಡುತ್ತದೆ. ಕ್ಯಾಲ್ಸಿಯಂ ಹಾಕದ ಸಾಲಿನಲ್ಲಿ ಆ ಜಾಗ ಹೆಚ್ಚುಕಡಿಮೆ ಖಾಲಿ.

ಆದರೆ ಇದೇ ಕೈನೇಸ್ ಬಿಡುವಿಲ್ಲದೆ ಎದ್ದೇ ಇದ್ದರೆ ಕೆಡುಕು. ಸೋತ ಹೃದಯದಲ್ಲಿ ಅದು ಚೀಲದ ಬಾಗಿಲಿಗೂ ಫಾಸ್ಫೇಟ್ ಅಂಟಿಸುತ್ತದೆ, ಕ್ಯಾಲ್ಸಿಯಂ ಸೋರುತ್ತದೆ, ಬಡಿತ ತಪ್ಪಬಹುದು. ಅಡ್ರಿನಲಿನ್ ಸದಾ ಚುಚ್ಚುತ್ತಿದ್ದರೆ ಇದೆಲ್ಲ ಜಾಸ್ತಿ. ಅಪ್ಪಯ್ಯನ ಬೀಟಾ ಬ್ಲಾಕರ್ ಮಾತ್ರೆ ತಡೆಯುವುದು ಆ ಚುಚ್ಚುವಿಕೆಯನ್ನೇ. ಸುಸ್ತು ಅಂತ ಸುಮ್ನೆ ಅವರೇ ಅದನ್ನು ಬಿಡಬಾರದು, ಥಟ್ಟನೆ ನಿಲ್ಲಿಸಿದರೆ ಅಪಾಯ. ಸುಸ್ತಿದ್ದರೆ ಡಾಕ್ಟರಿಗೆ ಹೇಳಿ, ಡೋಸ್ ಅವರು ನೋಡುತ್ತಾರೆ.

ಮುಂದಿನ ಸಲ ಶಿವಮೊಗ್ಗಕ್ಕೆ ಚೆಕಪ್‌ಗೆ ಹೋದಾಗ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನ ಫೋಟೋ ತೆಗೆದು ತಂಗಿ ಕೈಲಿ ಕಳಿಸು. ಅದರಲ್ಲಿ ಡಯಾಸ್ಟಾಲಿಕ್ ಫಂಕ್ಷನ್ ಅಂತ ಒಂದು ಸಾಲು ಇರುತ್ತದೆ, ಹೃದಯ ಎಷ್ಟು ಚೆನ್ನಾಗಿ ಸಡಿಲವಾಗುತ್ತಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಆ ಸಾಲು ಸರಿಯಾಗಿ ಕಾಣುವ ಹಾಗೆ ತೆಗೆಯಲು ಹೇಳು.

ನಿನ್ನ ಮಗಳು